ಹುಳಕ್ಕೊಂದು ಪ್ರತಿಮೆ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಾರಿನಲ್ಲಿ ಓಡಾಡಿದವರಿಗೆ ಈ ದೃಶ್ಯ ಪರಿಚಿತ. ಸಣ್ಣದೊಂದು ಊರು, ಅದರ ನಡುವೆ ಕೋರ್ಟು, ಕೋರ್ಟಿನ ಮುಂದೆ ಬಂದೂಕು ಹಿಡಿದು ನಿಂತ ಕಲ್ಲಿನ ಸಿಪಾಯಿ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸೋತ ಪಕ್ಷದವನು ಆತ. ಗೆದ್ದವರು ವಿಗ್ರಹ ನಿಲ್ಲಿಸುವುದು ಲೋಕರೂಢಿ. ಸೋತವರು ಊರೂರಿಗೂ ನಿಲ್ಲಿಸಿಕೊಂಡದ್ದು ಇಲ್ಲಿಯ ವಿಶೇಷ. ಅದೂ ಯುದ್ಧ ಮುಗಿದ ಕೂಡಲೇ ಅಲ್ಲ. ಇವುಗಳಲ್ಲಿ ಹೆಚ್ಚಿನವು ಎದ್ದದ್ದು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ. ಇತ್ತೀಚಿನ ವರ್ಷಗಳಲ್ಲಿ ಕೆಲವನ್ನು ಕೆಳಗಿಳಿಸಿದ್ದಾರೆ, ಬಹಳಷ್ಟು ಇನ್ನೂ ನಿಂತಿವೆ.

ಅದೇ ಕಾಲದಲ್ಲಿ ಅಲಬಾಮಾದ ಆಗ್ನೇಯ ಮೂಲೆಯಲ್ಲಿರುವ ಎಂಟರ್‌ಪ್ರೈಸ್ ಎಂಬ ಊರಿನವರು ಬೇರೊಂದು ಸ್ಮಾರಕ ಕಟ್ಟಿಸಿದರು. ಅದರ ಅನಾವರಣ ನಡೆದದ್ದು 1919ರ ಡಿಸೆಂಬರ್ 11ರಂದು. ನಿಲುವಂಗಿ ತೊಟ್ಟ ಗ್ರೀಕ್ ದೇವತೆಯಂಥ ಹೆಣ್ಣೊಬ್ಬಳು ಎರಡೂ ಕೈಗಳನ್ನು ಮೇಲೆತ್ತಿ ನಿಂತಿದ್ದಾಳೆ. ಅವಳು ಹೊತ್ತಿರುವುದು ಏನನ್ನು ಗೊತ್ತೇ? ಒಂದು ಹುಳವನ್ನು! ಸ್ವಾರಸ್ಯವೆಂದರೆ ಹುಳವನ್ನು ಕೂರಿಸಿದ್ದು 1949ರಲ್ಲಿ. ಮೊದಲ 30 ವರ್ಷ ಹುಳದ ಸ್ಮಾರಕದಲ್ಲಿ ಹುಳವೇ ಇರಲಿಲ್ಲ. ಕೋಡ್ ಬರೆದು ಹೊಟ್ಟೆ ಹೊರೆಯುವ ನನ್ನಂಥವರಿಗೆ 'ಬಗ್' ಎಂದರೆ ಕಂಡಲ್ಲಿ ಹೊಸಕಿ ಹಾಕಬೇಕಾದ ವಸ್ತು. ಅದಕ್ಕೆ ಕೃತಜ್ಞತೆ ಅರ್ಪಿಸಿ ಕಲ್ಲಿನಲ್ಲಿ ಬರೆಸಿದ ಊರಿದು.

ಈ ಹುಳದ ಹೆಸರು ಬೋಲ್ ವೀವಿಲ್. ನಮ್ಮ ತೆಂಗಿಗೆ ಬೀಳುವ ಕೆಂಪು ಮೂತಿಹುಳುವಿನ ದೂರದ ಬಂಧು. ಗಾತ್ರದಲ್ಲಿ ಅರ್ಧ ಅಂಗುಲವೂ ಇಲ್ಲ. ಹೆಣ್ಣು ಹುಳ ಹತ್ತಿಯ ಮೊಗ್ಗಿಗೆ ಮೂತಿ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮರಿಹುಳ ಒಳಗಿಂದಲೇ ತಿನ್ನುತ್ತಾ ಬರುತ್ತದೆ, ಮೊಗ್ಗು ಅರಳುವ ಮೊದಲೇ ಉದುರಿಹೋಗುತ್ತದೆ. ಮೆಕ್ಸಿಕೋದಿಂದ ಗಡಿ ದಾಟಿ 1892ರ ಸುಮಾರಿಗೆ ಟೆಕ್ಸಾಸಿಗೆ ಬಂದ ಈ ಹುಳ, ವರ್ಷವರ್ಷವೂ ಪೂರ್ವಕ್ಕೆ ಸರಿಯುತ್ತಾ 1915ರಲ್ಲಿ ಎಂಟರ್‌ಪ್ರೈಸ್ ಇರುವ ಕಾಫಿ ಕೌಂಟಿಯನ್ನು ತಲುಪಿತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಹುಳ ಬರುತ್ತಿದೆಯೆಂದು 20 ವರ್ಷಗಳಿಂದ ಗೊತ್ತಿತ್ತು. ಹತ್ತಿ ಬೆಳೆದೂ ಬೆಳೆದೂ ನೆಲ ಸತ್ವಗೆಟ್ಟಿರುವುದೂ ಗೊತ್ತಿತ್ತು. ಆದರೂ ಜನ ಹತ್ತಿಯನ್ನು ಯಾಕೆ ಬಿಡಲಿಲ್ಲ?

ದಡ್ಡತನ ಎಂದರೆ ಅನ್ಯಾಯವಾದೀತು. ಉತ್ತರ ಇರುವುದು ಸಾಲದ ಪುಸ್ತಕದಲ್ಲಿ. 1865ರಲ್ಲಿ ಗುಲಾಮಗಿರಿ ಕೊನೆಗೊಂಡಾಗ ಬಿಡುಗಡೆಯಾದ ಕಪ್ಪು ಜನರಿಗೆ ಸ್ವಾತಂತ್ರ್ಯ ಸಿಕ್ಕಿತು, ಭೂಮಿ ಸಿಗಲಿಲ್ಲ. ನಮ್ಮ ಕಡೆ ವಾರಕ್ಕೆ ಮಾಡುವುದು ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ ಹಳೆಯ ಧಣಿಗಳ ಹೊಲವನ್ನು ಪಾಲಿಗೆ ಮಾಡಿದರು. ಬಡ ಬಿಳಿಯರೂ ಇದೇ ಬಲೆಗೆ ಬಿದ್ದರು. ಬೀಜ, ಗೊಬ್ಬರ, ಮನೆಯ ಹಿಟ್ಟು ಎಲ್ಲವೂ ಅಂಗಡಿಯಿಂದ ಸಾಲ. ಸಾಲಕ್ಕೆ ಅಡವು ಇನ್ನೂ ಬೆಳೆಯದ ಬೆಳೆ. ಕೊಡುವವನಿಗೆ ಬೇಕಾದದ್ದು ಎಂದು ಬೇಕಾದರೂ ಮಾರಬಹುದಾದ ಹತ್ತಿ ಮಾತ್ರ. ಜೋಳ ಹಾಕುತ್ತೇನೆ, ಕಡಲೆಕಾಯಿ ಹಾಕುತ್ತೇನೆ ಎಂದವನಿಗೆ ಸಾಲ ಹುಟ್ಟುತ್ತಿರಲಿಲ್ಲ. ಹೀಗೆ ಹತ್ತಿ ಬರೀ ಬೆಳೆಯಾಗಿ ಉಳಿಯಲಿಲ್ಲ, ಯಾರು ಯಾರಿಗೆ ತಲೆಬಾಗಬೇಕು ಎಂಬ ಲೆಕ್ಕವೂ ಆಯಿತು.

ಆ ಲೆಕ್ಕವನ್ನು ಹುಳ ತಪ್ಪಿಸಿತು. ಹತ್ತಿಯೇ ಕೈಗೆ ಬರದಿದ್ದರೆ ಅಡವಿಗೆ ಬೆಲೆಯೆಲ್ಲಿ? ಎಂಟರ್‌ಪ್ರೈಸಿನ ವ್ಯಾಪಾರಿ ಎಚ್. ಎಂ. ಸೆಷನ್ಸ್ ಹೊರಗಿನಿಂದ ಕಡಲೆಕಾಯಿ ಬೀಜ ತರಿಸಿ, ಸಾಲದಲ್ಲಿ ಮುಳುಗಿದ್ದ ಸಿ. ಡಬ್ಲ್ಯು. ಬ್ಯಾಸ್ಟನ್ ಎಂಬ ರೈತನನ್ನು 1916ರಲ್ಲಿ ಒಪ್ಪಿಸಿ ಹಾಕಿಸಿದ. ಒಂದೇ ಬೆಳೆಯಲ್ಲಿ ಬ್ಯಾಸ್ಟನ್ ಸಾಲ ತೀರಿಸಿದ. ಮರುವರ್ಷ ಕೌಂಟಿಯ ಕಡಲೆಕಾಯಿ ಬೆಳೆ 10 ಲಕ್ಷ ಬುಷೆಲ್ ದಾಟಿತು. ಅದರ ಮರುವರ್ಷಗಳಲ್ಲೇ ಸ್ಮಾರಕದ ಮಾತು ಹುಟ್ಟಿದ್ದು. ಸಮೃದ್ಧಿಯನ್ನು ತಂದ ದೂತ ಎಂದು ಹುಳಕ್ಕೆ ನಮಸ್ಕಾರ!

ಕಥೆಯನ್ನು ಇಲ್ಲಿಗೆ ಮುಗಿಸಿದರೆ ಎಲ್ಲರಿಗೂ ಸುಖ. ಆದರೆ ಕಡಲೆಕಾಯಿ ಈ ನೆಲಕ್ಕೆ 1916ರಲ್ಲಿ ಬಂದದ್ದಲ್ಲ. ದಕ್ಷಿಣ ಅಮೆರಿಕದ ಈ ಗಿಡ ಪೋರ್ಚುಗೀಸರ ಮೂಲಕ ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಗುಲಾಮರ ಹಡಗುಗಳಲ್ಲಿ ಇಲ್ಲಿಗೆ ಬಂತು. ಇಲ್ಲಿನವರು ಅದನ್ನು ಕರೆಯುವ 'ಗೂಬರ್' ಎಂಬ ಹೆಸರು ಕೂಡ 'ನ್ಗುಬಾ' ಎಂಬ ಬಾಂಟು ಭಾಷೆಗಳ ಶಬ್ದದಿಂದ ಬಂದದ್ದು. ಬಹುಕಾಲ ಅದು ಗುಲಾಮರ, ಹಂದಿಗಳ ತಿನಿಸೆಂದು ಧಣಿಗಳ ಊಟದ ಮೇಜಿನಿಂದ ದೂರವೇ ಉಳಿದಿತ್ತು. ಅದೇ ಅಲಬಾಮಾದ ಟಸ್ಕೀಗಿಯಲ್ಲಿ 1896ರಿಂದ ಪಾಠ ಹೇಳುತ್ತಿದ್ದ ಜಾರ್ಜ್ ವಾಷಿಂಗ್ಟನ್ ಕಾರ್ವರ್, ಹತ್ತಿಯಿಂದ ಬಡವಾದ ನೆಲಕ್ಕೆ ಕಡಲೆಕಾಯಿಯೇ ಮದ್ದು ಎಂದು ರೈತರಿಗೆ ಸಾರಿ ಹೇಳುತ್ತಲೇ ಇದ್ದರು. ಸ್ವತಃ ಗುಲಾಮಳ ಮಗನಾಗಿ ಹುಟ್ಟಿದವರು ಅವರು. 1916ರಲ್ಲಿ ಕಡಲೆಕಾಯಿಯ 105 ಬಗೆಯ ತಿನಿಸುಗಳ ಕಿರುಪುಸ್ತಕವನ್ನೂ ಪ್ರಕಟಿಸಿದರು. (ಪೀನಟ್ ಬಟರ್ ಅವರ ಸಂಶೋಧನೆ ಎನ್ನುವುದು ಮಾತ್ರ ದಂತಕಥೆ.) ಸ್ಮಾರಕದ ಬರಹದಲ್ಲಿ ಹುಳದ ಹೆಸರಿದೆ, ಊರಿನ ಹೆಸರಿದೆ. ಮನುಷ್ಯರ ಹೆಸರು ಒಂದೂ ಇಲ್ಲ.

ಸಮೃದ್ಧಿ ಯಾರಿಗೆ ಬಂತು ಎಂಬ ಪ್ರಶ್ನೆಯೂ ಉಳಿಯುತ್ತದೆ. ಸ್ವಂತ ಹೊಲ ಇದ್ದವನು ಬೆಳೆ ಬದಲಾಯಿಸಿದ. ಪಾಲಿಗೆ ಮಾಡುತ್ತಿದ್ದವನು ಗಂಟುಮೂಟೆ ಕಟ್ಟಿದ. 1910ರಿಂದ 1970ರೊಳಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣವನ್ನು ಬಿಟ್ಟು ಷಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್‌ಗಳ ಕಡೆ ಹೋದರು. ಅವರನ್ನು ಓಡಿಸಿದ್ದು ಹುಳವೊಂದೇ ಅಲ್ಲ. ವರ್ಣಭೇದದ ಕಾನೂನು, ಗುಂಪುಹತ್ಯೆಯ ಭಯ, ಉತ್ತರದ ಕಾರ್ಖಾನೆಗಳ ಕೂಲಿ ಎಲ್ಲವೂ ಸೇರಿತ್ತು. ಆದರೆ ಅವರ ಬ್ಲೂಸ್ ಹಾಡುಗಳಲ್ಲಿ ಈ ಹುಳ ಮತ್ತೆ ಮತ್ತೆ ಬರುತ್ತದೆ. 1929ರಲ್ಲಿ ಚಾರ್ಲಿ ಪ್ಯಾಟನ್ ಹಾಡಿದ ಧ್ವನಿಮುದ್ರಿಕೆ ಪ್ರಸಿದ್ಧ. ಧಣಿಯಿಂದಲೂ ಸೋಲಿಸಲಾಗದ ಜೀವಿಯೊಂದನ್ನು ಹಾಡುವುದರಲ್ಲಿ ಅವರಿಗೆ ಸಿಕ್ಕ ಸಂತೋಷ, ಊರಿನ ಗಣ್ಯರ ಕೃತಜ್ಞತೆಗಿಂತ ಬೇರೆ ಬಗೆಯದು.

ಇದನ್ನೆಲ್ಲ ಓದುವಾಗ ಬಸವನಗುಡಿ ನೆನಪಾಗದೆ ಇರುತ್ತದೆಯೇ? ಕಡಲೆಕಾಯಿ ಹೊಲಕ್ಕೆ ರಾತ್ರಿ ನುಗ್ಗುತ್ತಿದ್ದ ಬಸವನನ್ನು ರೈತರು ಹೊಡೆದರಂತೆ, ಅದು ಕಲ್ಲಾಯಿತಂತೆ, ತಪ್ಪೊಪ್ಪಿಕೊಂಡು ಗುಡಿ ಕಟ್ಟಿ ಮೊದಲ ಬೆಳೆಯನ್ನು ಅರ್ಪಿಸಿದರಂತೆ. ಅದೇ ಕಾರ್ತಿಕ ಸೋಮವಾರದ ಪರಿಷೆ. ಇಲ್ಲೂ ಎಂಟರ್‌ಪ್ರೈಸಿಗೆ ಹತ್ತಿರದ ಡೋಥನ್ ಊರಿನಲ್ಲಿ 1938ರಿಂದ ಕಡಲೆಕಾಯಿ ಜಾತ್ರೆ ನಡೆಯುತ್ತದೆ, ಅದೂ ನವೆಂಬರಿನ ಸುಮಾರಿಗೇ! ಮೊದಲ ವರ್ಷದ ಅತಿಥಿ ಬೇರೆ ಯಾರೂ ಅಲ್ಲ, ವೃದ್ಧ ಕಾರ್ವರ್. ಎರಡು ಕಡೆಯೂ ಬೆಳೆ ತಿಂದವರೇ ವಿಗ್ರಹವಾದರು. ವ್ಯತ್ಯಾಸ ಇಷ್ಟೇ: ಬಸವನಗುಡಿಯ ಕಥೆಯಲ್ಲಿ ಹೊಡೆದದ್ದಕ್ಕೆ ಪಶ್ಚಾತ್ತಾಪವಿದೆ. ಇಲ್ಲಿಯದರಲ್ಲಿ ಕೃತಜ್ಞತೆ ಮಾತ್ರ ಇದೆ. ಹುಳಕ್ಕೆ ಕೈಮುಗಿಯುವುದು ಸುಲಭ, ಅದು ಹಳೆಯ ಬಾಕಿಯನ್ನು ಕೇಳುವುದಿಲ್ಲ.

ಹುಳದ ನಿರ್ಮೂಲನದ ಕೆಲಸ 1978ರಲ್ಲಿ ಶುರುವಾಗಿ, ಟೆಕ್ಸಾಸಿನ ದಕ್ಷಿಣ ತುದಿ ಬಿಟ್ಟರೆ ಉಳಿದೆಡೆ ಅದು ಹೆಚ್ಚುಕಡಿಮೆ ಅಳಿದಿದೆ. 1998ರಲ್ಲಿ ಕಿಡಿಗೇಡಿಗಳು ವಿಗ್ರಹಕ್ಕೆ ಹಾನಿ ಮಾಡಿದ ಮೇಲೆ ಬೀದಿಯಲ್ಲಿ ನಿಂತಿರುವುದು ಪ್ರತಿಕೃತಿ. ಆ ಕಡೆ ಹೋದರೆ ನೋಡಿ ಬನ್ನಿ. ದಾರಿಬದಿಯ ಗಾಡಿಯಲ್ಲಿ ಬಿಸಿಬಿಸಿ ಬೇಯಿಸಿದ ಕಡಲೆಕಾಯಿ ಸಿಗುತ್ತದೆ. ನಮ್ಮೂರಿನ ಹಾಗೆಯೇ ಉಪ್ಪು ಹಾಕಿ, ಸಿಪ್ಪೆಸಹಿತ. ಅದನ್ನು ಬೇಯಿಸಿ ತಿನ್ನಲು ಈ ದಕ್ಷಿಣಕ್ಕೆ ಕಲಿಸಿದವರು ಯಾರೆಂದು ತಿನ್ನುವಾಗ ಒಮ್ಮೆ ನೆನೆದರಾಯಿತು.