ನರ್ಸಬಾಯಿ ಅಳೆದ ರಕ್ತ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕು ತಾಲ್ಲೂಕುಗಳ ಇತಿಹಾಸ ಅಂದ ಕೂಡಲೇ ಎಲ್ಲರಿಗೂ ಕೋಟೆ, ದೇಸಾಯಿ, ಎಲ್ಲಮ್ಮನ ಗುಡ್ಡ ನೆನಪಾಗುತ್ತವೆ. ನಾವು ಇವತ್ತು ಬರೆಯುತ್ತಿರುವುದು ಚೀಲ ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗಿದ ನರ್ಸಬಾಯಿಯ ಇತಿಹಾಸ. ನಮ್ಮ ಗುಂಪಿನಲ್ಲಿ ಮೂವತ್ತು ದಾಟಿದ ಹಲವರು ಮನೆಯಲ್ಲೇ ಹುಟ್ಟಿದವರು. ಹೊಕ್ಕುಳಬಳ್ಳಿ ಕತ್ತರಿಸಿದ್ದು ಸೂಲಗಿತ್ತಿ ಆಯಿಯೋ, ನರ್ಸಬಾಯಿಯೋ ಎಂದು ಅವ್ವನನ್ನೇ ಕೇಳಬೇಕು. ನೀವೂ ನಿಮ್ಮ ಅವ್ವನನ್ನು ಕೇಳಿ ನೋಡಿ.

ಸ್ವಾತಂತ್ರ್ಯಕ್ಕೆ ಮೊದಲು ನಮ್ಮ ಸೀಮೆ ಒಂದೇ ಆಡಳಿತದಲ್ಲಿ ಇರಲಿಲ್ಲ. ಬೈಲಹೊಂಗಲ, ಕಿತ್ತೂರು ಆಗಿನ ಸಂಪಗಾಂವ ತಾಲ್ಲೂಕಿನಲ್ಲಿದ್ದವು, ಸವದತ್ತಿ ಪರಸಗಡ ತಾಲ್ಲೂಕಿನಲ್ಲಿತ್ತು. ಎರಡೂ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. ರಾಮದುರ್ಗ ಮಾತ್ರ ಭಾವೆ ಮನೆತನದ ಸಂಸ್ಥಾನ. 1935ರಲ್ಲಿ ಮುಂಬೈ ಸರಕಾರ ನರ್ಸ್ ಮತ್ತು ಮಿಡ್‌ವೈಫ್‌ಗಳ ನೋಂದಣಿಗೆ ಕಾಯ್ದೆ ತಂದಾಗ ಅದು ಸವದತ್ತಿಗೆ ಅನ್ವಯಿಸಿತು, ಪಕ್ಕದ ರಾಮದುರ್ಗಕ್ಕೆ ಇಲ್ಲ. 1948ರಲ್ಲಿ ಸಂಸ್ಥಾನ ವಿಲೀನವಾದ ಮೇಲೆಯೇ ಈ ಎಲ್ಲ ಊರುಗಳೂ ಒಂದೇ ಸರಕಾರದ ಕೆಳಗೆ ಬಂದವು.

ಕಾಯ್ದೆ ಬಂತು ಅಂದಮಾತ್ರಕ್ಕೆ ಹಳ್ಳಿಗೆ ನರ್ಸ್ ಬರಲಿಲ್ಲ. 1946ರಲ್ಲಿ ಭೋರ್ ಸಮಿತಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ 43,000 ಜನರಿಗೆ ಒಬ್ಬ ನರ್ಸ್, 60,000 ಜನರಿಗೆ ಒಬ್ಬ ಮಿಡ್‌ವೈಫ್. ಒಂದು ಲಕ್ಷ ಜನರ ತಾಲ್ಲೂಕಿಗೆ ಈ ಲೆಕ್ಕ ಹಿಡಿದರೆ ಇಬ್ಬರು, ಹೆಚ್ಚೆಂದರೆ ಮೂವರು ನರ್ಸ್! ಹೀಗಾಗಿ ಹೆರಿಗೆ ಎಲ್ಲ ಸೂಲಗಿತ್ತಿಯರ ಕೈಯಲ್ಲೇ ಇತ್ತು.

1950ರ ದಶಕದಲ್ಲಿ ಎಎನ್‌ಎಂ ಎಂಬ ಹೊಸ ಹುದ್ದೆ ಹುಟ್ಟಿತು. ಹಳ್ಳಿಯ ಹೆರಿಗೆಗೆಂದೇ ತಯಾರಾದ ನರ್ಸ್ ಇವರು. ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಕೆಳಗೆ ಉಪಕೇಂದ್ರ, ಅಲ್ಲಿ ಈಕೆ. 1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನ ನಂತರ ಹೆರಿಗೆಯ ಜತೆಗೆ ಲಸಿಕೆ, ಮಲೇರಿಯಾ, ಕುಟುಂಬ ಯೋಜನೆ ಎಲ್ಲವೂ ಅವರ ಹೆಗಲಿಗೆ ಬಿದ್ದವು. ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ ಎಂಬುದು ನಿಯಮ.

ಅತ್ಯಂತ ಕಷ್ಟದ್ದು ಕುಟುಂಬ ಯೋಜನೆಯ ಟಾರ್ಗೆಟ್. ಇಂತಿಷ್ಟು ಆಪರೇಶನ್ ಮಾಡಿಸಲೇಬೇಕೆಂದು ಮೇಲಿನಿಂದ ಒತ್ತಡ. ಅದೇ ಬಾಗಿಲಿಗೆ ಬಾಣಂತಿಯನ್ನು ನೋಡಲೂ ಆಕೆಯೇ ಹೋಗಬೇಕು. ನರ್ಸಬಾಯಿ ಬಂದಳೆಂದರೆ ಹಿತ್ತಲ ಬಾಗಿಲಿನಿಂದ ಹೊರಬೀಳುತ್ತಿದ್ದ ಹೆಂಗಸರ ಕತೆ ನಮ್ಮ ಕಡೆ ಹಿರಿಯರಿಗೆಲ್ಲ ಗೊತ್ತು. ಈ ಟಾರ್ಗೆಟ್ ಪದ್ಧತಿಯನ್ನು ಕೇಂದ್ರ ಸರಕಾರ ಕೈಬಿಟ್ಟಿದ್ದು 1996ರಲ್ಲಿ. ಒಡೆದ ನಂಬಿಕೆ ಕಟ್ಟಲು ಎಷ್ಟು ವರ್ಷ ಹಿಡಿಯಿತೋ, ಅದನ್ನು ಆ ನರ್ಸಬಾಯಿಯರೇ ಹೇಳಬೇಕು.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿದ್ದ ಸಂಗತಿ. ಇದು ನಮ್ಮ ಜಿಲ್ಲೆಯಲ್ಲೇ ನಡೆದದ್ದು, ನಮ್ಮ ಜಿಲ್ಲೆಯವರಿಗೇ ಹೆಚ್ಚು ಗೊತ್ತಿಲ್ಲ.

ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ತಾಯಂದಿರು ಸಾಯುವುದು ಹಳೆಯ ಸಂಕಟ. ಇದನ್ನು ತಡೆಯಲು ಆಕ್ಸಿಟೋಸಿನ್ ಇಂಜೆಕ್ಷನ್ ಇದೆ. ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ಬರುವವರು ಬೇಕು. ತಾಸುಗಟ್ಟಲೆ ಕರೆಂಟ್ ಇಲ್ಲದ ಹಳ್ಳಿಯಲ್ಲಿ, ಮನೆಯ ಮೂಲೆಯಲ್ಲಿ ಹೆರಿಗೆಯಾದರೆ? ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜತೆ ಸೇರಿ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಪರೀಕ್ಷಿಸಲು ಹೊರಟರು. ನುಂಗುವ ಗುಳಿಗೆ, ಫ್ರಿಜ್ ಬೇಡ.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ ಈ ಪ್ರಯೋಗ ನಡೆಯಿತು. ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ರಕ್ತ ಅಳೆದವರು 25 ಮಂದಿ ಎಎನ್‌ಎಂಗಳು. ಅಳೆಯಲು ತಾಯಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದರು. ಅದರ ತುದಿಯಲ್ಲಿ ಗೆರೆ ಹಾಕಿದ ಚೀಲ, ರಕ್ತ ಇಳಿದು ಅದರಲ್ಲಿ ಕೂಡುತ್ತದೆ. ಹಾಲಿನ ಮಾಪು ನೋಡಿದ ಹಾಗೆ ನೋಡಿ ಬರೆದುಕೊಳ್ಳುವುದು. ಮೊದಲು ಸೀರೆ, ಚಾದರ ನೆನೆದದ್ದನ್ನು ನೋಡಿ ಅಂದಾಜು ಮಾಡುತ್ತಿದ್ದರು. ಬೆಳಗಾವಿಯಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ, ಕಣ್ಣಂದಾಜು ಈ ಚೀಲದ ಅಳತೆಗಿಂತ ಮೂರನೇ ಒಂದರಷ್ಟು ಕಡಿಮೆ ಬಂದಿತ್ತು.

2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಅಚ್ಚಾಯಿತು. ಗುಳಿಗೆ ಇಲ್ಲದವರಲ್ಲಿ ಶೇ. 12ರಷ್ಟು ತಾಯಂದಿರಿಗೆ ಅತಿ ರಕ್ತಸ್ರಾವ, ಗುಳಿಗೆ ನುಂಗಿದವರಲ್ಲಿ ಶೇ. 6.4. ಗುಳಿಗೆ ನುಂಗಿದವರಲ್ಲಿ ಕೆಲವರಿಗೆ ಸ್ವಲ್ಪ ಹೊತ್ತು ನಡುಕ, ಜ್ವರ ಬಂದಿತ್ತು, ಅಷ್ಟೆ. ಅರ್ಧದಷ್ಟು ತಾಯಂದಿರಿಗೆ ಔಷಧವಿಲ್ಲದ ಬರೀ ಗುಳಿಗೆ ಕೊಟ್ಟಿದ್ದರೆಂಬುದು ನಮ್ಮನ್ನು ಕಾಡುತ್ತದೆ. ಪ್ರಯೋಗದ ಪದ್ಧತಿ ಹಾಗೆ, ಒಪ್ಪಿಗೆ ಪಡೆದೇ ಮಾಡಿದ್ದು ನಿಜ. ಆದರೂ ಆ ಮನೆಗಳ ಋಣ ದೊಡ್ಡದು.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಕ್ಸಿಟೋಸಿನ್ ಸಿಗದ ಕಡೆ ರಕ್ತಸ್ರಾವ ತಡೆಯಲು ಈ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 2023ರಲ್ಲಿ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲೂ ಗೆರೆ ಹಾಕಿದ ಇಂಥದ್ದೇ ಚೀಲ ಬಳಕೆಯಾಯಿತು.

ಲೇಖನದ ಮೇಲೆ ವೈದ್ಯರ, ಸಂಶೋಧಕರ ಹೆಸರುಗಳಿವೆ. ಅವರ ಶ್ರಮ ಸಣ್ಣದಲ್ಲ. ನರ್ಸಬಾಯಿಯರು ಮಾತ್ರ ಅದರ ಸಾರಾಂಶದಲ್ಲಿ '25' ಎಂಬ ಅಂಕಿಯಾಗಿ ಉಳಿದಿದ್ದಾರೆ.

ಆಮೇಲೆ ಕಾಲ ಬೇಗ ಬದಲಾಯಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಕಾರ್ಯಕರ್ತೆಯರು ಬಂದರು, 2008ರಲ್ಲಿ 108 ಆಂಬುಲೆನ್ಸ್ ಬಂತು. ಹೆರಿಗೆ ಎಲ್ಲ ದವಾಖಾನಿಗೆ ಹೋಯಿತು. ಒಳ್ಳೆಯದೇ ಆಯಿತು. ಆದರೆ ಅಲ್ಲಿನ ಹೆರಿಗೆ ಕೋಣೆಯ ಭಾರ ಸ್ಟಾಫ್ ನರ್ಸ್‌ಗಳ ಮೇಲೆ ಬಿತ್ತು. ಅವರಲ್ಲಿ ಅನೇಕರು ಇವತ್ತಿಗೂ ಗುತ್ತಿಗೆಯಲ್ಲಿ ದುಡಿಯುತ್ತಿದ್ದಾರೆ. ಇತ್ತ ಉಪಕೇಂದ್ರದ ಅಕ್ಕಾರಿಗೆ ಕರ್ನಾಟಕದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಉದ್ದ ಹೆಸರು ಸಿಕ್ಕಿದೆ. ಹೆರಿಗೆ ಕಡಿಮೆ, ರಜಿಸ್ಟರ್ ಜಾಸ್ತಿ, ಅದರ ಮೇಲೆ ಮೊಬೈಲ್ ಎಂಟ್ರಿ. ಸುದ್ದಿಗೆ ಹೋದಾಗ ನಮಗೆ ಕಾಣುವುದೂ ಅದೇ: ಟೇಬಲ್ ತುಂಬ ಪುಸ್ತಕ, ಮೂಲೆಯಲ್ಲಿ ಧೂಳು ಹಿಡಿದ ಹೆರಿಗೆ ಮೇಜು.

ಆ 25 ಮಂದಿಯಲ್ಲಿ ಅನೇಕರು ಈಗ ನಿವೃತ್ತರಾಗಿರಬೇಕು. ನಿಮ್ಮ ಊರಲ್ಲೋ ಬೀಗರ ಊರಲ್ಲೋ ಅಂಥ ಅಕ್ಕಾರು ಯಾರಾದರೂ ಇದ್ದರೆ, ಅವರ ಒಪ್ಪಿಗೆ ಕೇಳಿ ನಮಗೆ ತಿಳಿಸಿ. ನಾವೇ ಬಂದು ಕೂತು, ಅವರು ಹೇಳಿದಷ್ಟನ್ನೂ ಬರೆದುಕೊಳ್ಳುತ್ತೇವೆ.