ಕಿವಿಯ ಕಡ್ಡಿ, ಕೊರಳ ಕಲ್ಲು

ನಮ್ಮಜ್ಜಿಯ ಕಿವಿಯಲ್ಲಿ ಓಲೆ ಇರಲಿಲ್ಲ. ಕಸಬರಿಕೆ ಕಡ್ಡಿ ಇತ್ತು. ಎರಡು ಕಿವಿಗೂ ಒಂದೊಂದು, ಬೆರಳಗಲ ಮುರಿದು ಸಿಕ್ಕಿಸಿದ್ದು. ತಲೆಗೆ ನೀರು ಹುಯ್ದುಕೊಂಡ ದಿನ ಹಳೇ ಕಡ್ಡಿ ಬಿಸಾಕಿ ಹೊಸದು ಇಟ್ಟುಕೊಳ್ಳುತ್ತಿದ್ದಳು. ಮದುವೆಯಲ್ಲಿ ತವರಿನವರು ಕೊಟ್ಟ ಒಂದೇ ಒಂದು ಜೊತೆ ಓಲೆ, ಯಾವುದೋ ಬರಗಾಲದಲ್ಲಿ ಊರ ಸಾವ್ಕಾರನ ಮನೆಗೆ ಗಿರವಿ ಹೋಗಿದ್ದು ವಾಪಸು ಬರಲೇ ಇಲ್ಲ. ‘ಇನ್ನೂ ಯಾಕಜ್ಜಿ ಈ ಕಡ್ಡಿ?’ ಅಂದರೆ, ‘ತೂತು ಮುಚ್ಕಂಡ್ರೆ ನಾಳಿಕೆ ಓಲೆ ಬಂದಾಗ ಎಲ್ಗಾಕ್ಲಿ ಮಗಾ?’ ಅನ್ನೋಳು. ಆ ನಾಳೆ ಬರುವುದರೊಳಗೆ ಅವಳು ಹೋದಳು. ಮಣ್ಣು ಮಾಡುವಾಗಲೂ ಕಿವಿಯಲ್ಲಿ ಕಡ್ಡಿ ಇತ್ತು.

ಈಗ ಅದೇ ಮನೆಯ ಜಗುಲಿ ಮೇಲೆ ನಮ್ಮ ತಂಗಿ, ಚಿಕ್ಕವ್ವನ ಮಕ್ಕಳು, ಪಕ್ಕದ ಮನೆ ಹುಡುಗಿಯರು ಸಂಜೆ ಹೊತ್ತು ಕೂತು ಕಿವಿಯೋಲೆ ಮಾಡುತ್ತಾರೆ. ತಾಮ್ರದ ತಂತಿ, ಸಣ್ಣ ಮೂತಿಯ ಇಕ್ಕಳ, ಗಾಜಿನ ಮಣಿ, ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿ, ಸುಟ್ಟ ಜೇಡಿಮಣ್ಣಿನ ಪುಟ್ಟ ಬಿಲ್ಲೆ. ಇವೇ ಅವರ ಬಂಡವಾಳ. ಹಾಸ್ಟೆಲಿನಲ್ಲಿ ಜೊತೆಗಿದ್ದ ಗೆಳೆಯನೊಬ್ಬ ನೋಡಿ ನಕ್ಕ. ‘ಭೂಮಿ ಪ್ರಶ್ನೆ ಹಂಗೇ ಐತೆ, ಸ್ಕಾಲರ್‌ಶಿಪ್ ಬಂದಿಲ್ಲ, ನೀವು ಓಲೆ ಮೇಲೆ ಲೇಖನ ಬರೀತೀರಾ?’ ಎಂದ. ಅವನ ಮಾತು ನಮಗೂ ನಾಟಿತು. ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಕಾಗದ ತಂದವರು ನಾವು. ಓದಿದ್ದು ದೊಡ್ಡ ವಿಷಯ ಬರೆಯುವುದಕ್ಕಲ್ಲವೇ ಎಂದು ನಮಗೂ ಅನ್ನಿಸಿತು. ಆದರೆ ಚರಿತ್ರೆಯ ಪುಟ ತಿರುವಿದಂತೆಲ್ಲ, ನಮ್ಮ ಜನರ ಕಿವಿ ಮತ್ತು ಕೊರಳಿನ ಮೇಲೆ ಎಷ್ಟೊಂದು ಕಟ್ಟಳೆ ಬರೆದಿದ್ದಾರೆ ಎಂಬುದು ಕಾಣಿಸಿತು. ನಮ್ಮಜ್ಜಿಯ ಕಡ್ಡಿಗೆ ಬಡತನ ಒಂದೇ ಕಾರಣವಾಗಿರಲಿಲ್ಲ.

ಮೊದಲು ಮಾತಿನಿಂದಲೇ ಶುರು ಮಾಡೋಣ. ಓಲೆ ಅಂದರೆ ತಾಳೆಗರಿ. ಗರಿಯನ್ನು ಸುರುಳಿ ಸುತ್ತಿ ಕಿವಿಯ ತೂತಿಗೆ ಇಟ್ಟರೆ ಅದು ಕಿವಿಯೋಲೆ. ಬೆಂಡೋಲೆ ಎನ್ನುವ ಹೆಸರಿನಲ್ಲಿ ಗಿಡದ ಹಗುರ ಬೆಂಡು ಕೂತಿದೆ. ಚಿನ್ನದ ಓಲೆ, ಹರಳಿನ ಬೆಂಡೋಲೆ ಎಲ್ಲ ಆಮೇಲಿನವು. ಗದ್ದೆ ಬದುವಿನಲ್ಲಿ, ಕೆರೆ ಏರಿಯ ಮೇಲೆ ಸಿಕ್ಕಿದ್ದರಿಂದ ಕಿವಿ ಸಿಂಗರಿಸಿಕೊಂಡವರ ಕೈಗೆಲಸವನ್ನೇ ಅಕ್ಕಸಾಲಿ ಚಿನ್ನದಲ್ಲಿ ನಕಲು ಮಾಡಿದ. ಹೆಸರು ಮಾತ್ರ ಹಳೆಯದೇ ಉಳಿಯಿತು. ಇನ್ನೊಂದು ಮಾತನ್ನೂ ನೆನಪಿಡಿ. ಬರೆದು ಕಳಿಸುವ ಕಾಗದಕ್ಕೂ ನಮ್ಮ ಭಾಷೆಯಲ್ಲಿ ಓಲೆ ಎಂದೇ ಹೆಸರು. ಅದೇ ತಾಳೆಗರಿ. ಅಕ್ಷರ ಕೊರೆದರೆ ಓದುವ ಓಲೆ, ಸುರುಳಿ ಸುತ್ತಿದರೆ ಕಿವಿಯ ಓಲೆ. ಈ ನೆಲದ ಜಾತಿವ್ಯವಸ್ಥೆ ನಮಗೆ ಎರಡನ್ನೂ ಕೊಡಲಿಲ್ಲ.

ಮಣಿಯ ಕತೆ ಇನ್ನೂ ಹಿಂದಿನದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಸಿಂಧೂ ಕಣಿವೆಯ ಚನ್ಹುದಾರೋದಲ್ಲಿ, ಗುಜರಾತಿನ ಲೋಥಲ್‌ನಲ್ಲಿ ಮಣಿ ಮಾಡುವ ಕಾರ್ಖಾನೆಗಳೇ ಇದ್ದವು. ಕನ್ನಡಿಗರಾದ ಎಸ್.ಆರ್. ರಾವ್ ಅವರು ಲೋಥಲ್ ಅಗೆಸಿದಾಗ ಕುಲುಮೆ, ಅರ್ಧ ಕೊರೆದ ಮಣಿ, ಪೂರ್ತಿಯಾದ ಮಣಿ ಎಲ್ಲ ಒಟ್ಟಿಗೆ ಸಿಕ್ಕವು. ಸಿಂಧೂ ನಾಡಿನ ಕೆಂಪು ಕಲ್ಲಿನ ಮಣಿಗಳು ಸಮುದ್ರ ದಾಟಿ ಇರಾಕಿನ ಊರ್ ಪಟ್ಟಣದ ರಾಜಗೋರಿಗಳವರೆಗೂ ಹೋಗಿವೆ. ರಾಣಿಯರು ತೊಟ್ಟರು, ಗೋರಿಯಲ್ಲಿ ಅವರ ಜೊತೆಗೇ ಮಲಗಿದವು. ಮಣಿ ಕೊರೆದವರ ಹೆಸರು ಯಾವ ಗೋರಿಯಲ್ಲೂ ಸಿಕ್ಕಿಲ್ಲ.

ಲೋಥಲ್‌ಗೆ ಹತ್ತಿರದ ಖಂಭಾತ್‌ನಲ್ಲಿ ಇಂದಿಗೂ ಆ ಕಸುಬು ಇದೆ. ಕಲ್ಲನ್ನು ಬಿಸಿಲಿಗೆ ಒಣಹಾಕಿ, ಬೆಂಕಿಯಲ್ಲಿ ಹದವಾಗಿ ಕಾಯಿಸಿದರೆ ಮಂಕು ಬಣ್ಣ ಕೆಂಪಿಗೆ ತಿರುಗುತ್ತದೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊಳೆಗೆ ಕಲ್ಲನ್ನು ಆನಿಸಿ, ಎಮ್ಮೆ ಕೊಂಬಿನ ಸುತ್ತಿಗೆಯಿಂದ ತಟ್ಟಿ ಚಕ್ಕೆ ಎಬ್ಬಿಸುತ್ತಾರೆ. ಆಮೇಲೆ ಉಜ್ಜಬೇಕು, ತೂತು ಕೊರೆಯಬೇಕು. ಉಜ್ಜುವಾಗ ಏಳುವ ಕಲ್ಲಿನ ದೂಳು ಎದೆಗೂಡಿನಲ್ಲಿ ಕೂತರೆ ಅದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಔಷಧಿಯಿಂದ ವಾಸಿಯಾಗುವ ಕಾಯಿಲೆಯಲ್ಲ. ಖಂಭಾತ್‌ನ ಮಣಿ ಕೆಲಸಗಾರರಲ್ಲಿ ಈ ಕಾಯಿಲೆ ಇರುವುದನ್ನು ವೈದ್ಯರು ಬರೆದಿಟ್ಟಿದ್ದಾರೆ. ಮಣಿ ವ್ಯಾಪಾರಿಯ ಗಲ್ಲಾಪೆಟ್ಟಿಗೆಗೆ ಹೋಯಿತು, ದೂಳು ಕೂಲಿಯವನ ಪುಪ್ಪುಸಕ್ಕೆ ಹೋಯಿತು. ಗೆಳೆಯರೇ, ಚೆಲುವಾದ ಯಾವ ವಸ್ತುವನ್ನು ಕಂಡರೂ ಅದನ್ನು ಮಾಡಿದ ಕೈ ಯಾವುದು ಎಂದು ಕೇಳುವುದನ್ನು ಕಲಿಯಬೇಕು.

ಮಾಡಿದವರು ಯಾರು ಎಂಬುದು ಒಂದು ಪ್ರಶ್ನೆ. ತೊಡುವವರು ಯಾರು ಎಂಬುದು ಇನ್ನೊಂದು. ಇದಕ್ಕೆ ಮನುಸ್ಮೃತಿ ಮುಚ್ಚುಮರೆಯಿಲ್ಲದೆ ಉತ್ತರ ಹೇಳಿದೆ. ಅದರ 10ನೇ ಅಧ್ಯಾಯದ 52ನೇ ಶ್ಲೋಕದ ಪ್ರಕಾರ ಚಂಡಾಲರ ಬಟ್ಟೆ ಹೆಣದ ಮೇಲಿನದಾಗಿರಬೇಕು, ಊಟದ ಪಾತ್ರೆ ಒಡೆದದ್ದಾಗಿರಬೇಕು, ಒಡವೆ ಕಪ್ಪು ಕಬ್ಬಿಣದ್ದಾಗಿರಬೇಕು. ಗಮನಿಸಿ, ‘ಒಡವೆ ಬೇಡ’ ಎಂದು ಮನು ಹೇಳಲಿಲ್ಲ. ಒಡವೆ ಇರಲಿ, ಆದರೆ ನೋಡಿದವನಿಗೆ ದೂರದಿಂದಲೇ ಜಾತಿ ಗೊತ್ತಾಗುವಂತಿರಲಿ ಎಂದ. ದನಕ್ಕೆ ಮುದ್ರೆ ಒತ್ತುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಇದು ಬರೀ ಪುಸ್ತಕದ ಮಾತು ಎನ್ನುವವರು ಮಲಯಾಳ ಸೀಮೆಯ ಹಿಂದಿನ ತಿರುವಾಂಕೂರಿಗೆ ಬರಬೇಕು. ಅಲ್ಲಿ 1860ರಲ್ಲಿ ಪಂದಳಂ ಊರಿನಲ್ಲಿ ಚಿನ್ನದ ಮೂಗುತಿ ಹಾಕಿದ ಈಳವ ಹೆಂಗಸಿನ ಮೂಗಿನಿಂದ ಮೂಗುತಿ ಕಿತ್ತರು. ಆರಾಟ್ಟುಪುಳ ವೇಲಾಯುಧ ಪಣಿಕ್ಕರ್ ಎಂಬ ಈಳವ ನಾಯಕ ಮೂಗುತಿಗಳನ್ನು ಮಾಡಿಸಿ ತಂದು, ಹೆಂಗಸರಿಗೆ ಹಂಚಿ, ಹಾಕಿಕೊಂಡು ನಡೆಯಿರಿ ಎಂದು ಕಾವಲು ನಿಂತ. ಅದನ್ನು ಮೂಗುತಿ ಸಮರ ಎಂದೇ ಕರೆಯುತ್ತಾರೆ.

ಈಳವರಿಗಿಂತಲೂ ಕೆಳಗೆ ತುಳಿಸಿಕೊಂಡವರು ಪುಲಯರು, ಪರಯರು. ಗದ್ದೆಯಲ್ಲಿ ದುಡಿದು ತಿರುವಾಂಕೂರಿಗೆ ಅನ್ನ ಕೊಟ್ಟವರು. ಆ ಹೆಂಗಸರಿಗೆ ಚಿನ್ನ ಬೆಳ್ಳಿ ನಿಷಿದ್ಧ. ಎದೆ ಮುಚ್ಚುವ ಬಟ್ಟೆಗೂ ಅಡ್ಡಿ. ಕೊರಳಿಗೆ ಕಲ್ಲುಮಣಿಯ ಸರಗಳನ್ನು ಹೇರಿಕೊಳ್ಳಬೇಕು. ಅದೇ ‘ಕಲ್ಲುಮಾಲೆ’. ಕಿವಿಗೆ ಕಬ್ಬಿಣ. ಮನು ಬರೆದದ್ದು ಗದ್ದೆಯ ಬದುವಿನ ಮೇಲೆ ಜೀವಂತವಾಗಿ ನಡೆಯುತ್ತಿತ್ತು.

ಅಲ್ಲಿ ಎದ್ದು ನಿಂತವರು ಅಯ್ಯನ್‌ಕಾಳಿ. 1863ರಲ್ಲಿ ವೆಙ್ಙಾನೂರಿನಲ್ಲಿ ಹುಟ್ಟಿದ ಪುಲಯರ ಮಗ. ಓದು ಬರಹ ಕಲಿಯಲು ಯಾರೂ ಬಿಡಲಿಲ್ಲ. 1893ರಲ್ಲಿ ಎತ್ತಿನಗಾಡಿ ಕಟ್ಟಿಸಿ, ಒಳ್ಳೆ ಬಟ್ಟೆ ಉಟ್ಟು, ನಮ್ಮ ಜನ ಕಾಲಿಡಬಾರದ ರಸ್ತೆಯಲ್ಲೇ ಗಾಡಿ ಹೊಡೆದರು. 1907ರಲ್ಲಿ ಸಾಧುಜನ ಪರಿಪಾಲನ ಸಂಘ ಕಟ್ಟಿದರು. ನಮ್ಮ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳದಿದ್ದರೆ ನಿಮ್ಮ ಗದ್ದೆಗೆ ಇಳಿಯುವುದಿಲ್ಲ ಎಂದು ಕೂಲಿ ನಿಲ್ಲಿಸಿದರು. ಅಕ್ಷರಕ್ಕಾಗಿ ನಡೆದ ಕೂಲಿಕಾರರ ಮುಷ್ಕರ ಅದು. ಓದುವ ಓಲೆಗೆ ಹೋರಾಡಿದ ಅದೇ ಮನುಷ್ಯ, ಕಲ್ಲುಮಾಲೆ ಕಿತ್ತು ಎಸೆಯಿರಿ, ರವಿಕೆ ತೊಡಿ ಎಂದು ಹೆಂಗಸರಿಗೆ ಕರೆ ಕೊಟ್ಟರು.

ಕರೆ ಹಬ್ಬಿಕೊಂಡು ಕೊಲ್ಲಂ ಬಳಿಯ ಪೆರಿನಾಡಿಗೆ ಬಂತು. ಅಲ್ಲಿ ಗೋಪಾಲದಾಸನ್ ಎಂಬ ಮುಂದಾಳು ಜನರನ್ನು ಸೇರಿಸಿದರು. ಜಮೀನ್ದಾರರಿಗೆ ತಡೆಯಲಾಗಲಿಲ್ಲ. ಕೂಲಿಯ ಹೆಂಗಸು ಕೊರಳಿನಿಂದ ಕಲ್ಲು ತೆಗೆದರೆ ಇವರ ಗದ್ದೆಗೇನು ನಷ್ಟ? ನಷ್ಟ ಇತ್ತು. ಕಲ್ಲು ಹೋದರೆ ಗುರುತು ಹೋಗುತ್ತದೆ, ಗುರುತು ಹೋದರೆ ಹೆದರಿಕೆ ಹೋಗುತ್ತದೆ, ಹೆದರಿಕೆ ಹೋದವಳು ಬಿಟ್ಟಿ ದುಡಿಯುವುದಿಲ್ಲ. 1915ರ ಅಕ್ಟೋಬರ್ 24ರಂದು ಪೆರಿನಾಡಿನ ಸಭೆಯ ಮೇಲೆ ದಾಳಿಯಾಯಿತು. ನಮ್ಮವರೂ ತಿರುಗಿಬಿದ್ದರು. ಆಮೇಲೆ ಗುಡಿಸಲುಗಳಿಗೆ ಬೆಂಕಿ ಬಿತ್ತು. ಜನ ಮಕ್ಕಳು ಮರಿ ಕಟ್ಟಿಕೊಂಡು ಕೊಲ್ಲಂ ಪೇಟೆಗೆ ಓಡಿಬಂದರು. ಕೇಸು ಬಿದ್ದವು. ವಕೀಲರಿಗೆ ಕೊಡಲು ಕಾಸಿಲ್ಲದ ಪುಲಯರು ಫೀಜಿಗೆ ಬದಲಾಗಿ ಒಂದು ಕೊಳ ತೋಡಿಕೊಟ್ಟರು ಎಂದು ಕೊಲ್ಲಂ ಜನ ಈಗಲೂ ಹೇಳುತ್ತಾರೆ. ಆ ಕೊಳಕ್ಕೆ ಕಮ್ಮಾನ್‌ಕುಳಂ ಎಂದು ಹೆಸರು.

ಅದೇ 1915ರ ಡಿಸೆಂಬರ್‌ನಲ್ಲಿ ಅಯ್ಯನ್‌ಕಾಳಿ ಕೊಲ್ಲಂನಲ್ಲೇ ದೊಡ್ಡ ಸಭೆ ಕರೆದರು. ಚಂಗನಾಶ್ಶೇರಿ ಪರಮೇಶ್ವರನ್ ಪಿಳ್ಳೆ ಅಧ್ಯಕ್ಷರು. ನಾಯರ್ ಮುಂದಾಳು ಕೂತ ವೇದಿಕೆಯೆದುರು, ಎಲ್ಲರೂ ನೋಡುತ್ತಿದ್ದಂತೆ, ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ಕೊರಳ ಕಲ್ಲುಮಾಲೆ ಹರಿದು ಎಸೆದರು. ಮಾಲೆಗಳು ರಾಶಿ ಬಿದ್ದವು. ಎಷ್ಟು ತಲೆಮಾರಿನ ಭಾರವೋ!

ಅದೇ 1915ರಲ್ಲಿ ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿತು. ಅದರಲ್ಲಿ ಅಶೋಕನ ಹೆಸರೇ ಇದೆ ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ, ಪರೀಕ್ಷೆಯಲ್ಲಿ ಒಂದು ಅಂಕ ತೆಗೆದಿದ್ದೇವೆ. ಅಶೋಕನನ್ನು ಓದಬೇಕಾದ್ದೇ. ಆದರೆ ಕೊಲ್ಲಂನ ಆ ರಾಶಿಯ ಬಗ್ಗೆ ನಾವು ಓದಿದ ಪಠ್ಯದಲ್ಲಿ ಒಂದು ಸಾಲೂ ಇರಲಿಲ್ಲ. ರಾಜ ಬಂಡೆಯ ಮೇಲೆ ಕೊರೆಸಿದ್ದು ಚರಿತ್ರೆ, ಹೆಂಗಸರು ಎದೆಯಿಂದ ಕಿತ್ತೆಸೆದ ಕಲ್ಲು ಚರಿತ್ರೆಯಲ್ಲವೇ?

ಹನ್ನೆರಡು ವರ್ಷ ಕಳೆದು ಮಹಾಡಿಗೆ ಬನ್ನಿ. 1927ರ ಡಿಸೆಂಬರ್ 25ರಂದು ಬಾಬಾಸಾಹೇಬರ ಮುಂದಾಳ್ತನದಲ್ಲಿ ಮನುಸ್ಮೃತಿಗೆ ಬೆಂಕಿ ಬಿತ್ತು. ಅದು ಎಲ್ಲರಿಗೂ ಗೊತ್ತು. ಆ ಸತ್ಯಾಗ್ರಹ ಮುಗಿಯುವಾಗ ಅವರು ಹೆಂಗಸರನ್ನು ಬೇರೆಯಾಗಿ ಕೂಡಿಸಿ ಮಾತಾಡಿದ್ದು ಅಷ್ಟಾಗಿ ಗೊತ್ತಿಲ್ಲ. ನೀವು ಸೀರೆ ಉಡುವ ರೀತಿ, ಕೊರಳ ತುಂಬ, ಮೊಣಕೈವರೆಗೂ ಹಾಕುವ ಅಗ್ಗದ ಲೋಹದ ಒಡವೆ ನೀವು ಅಸ್ಪೃಶ್ಯರೆಂದು ಸಾರುತ್ತಿವೆ, ಆ ಗುರುತು ಅಳಿಸಿ ಎಂಬುದು ಅವರ ಮಾತಿನ ಸಾರ. ಕಬ್ಬಿಣದ ಒಡವೆ ಎಂದ ಪುಸ್ತಕವನ್ನು ಸುಟ್ಟ ಊರಿನಲ್ಲೇ ಒಡವೆಯ ಮಾತನ್ನೂ ಆಡಿದರು.

ಮೇಲ್ಜಾತಿಯವರು ಸುಮ್ಮನಿದ್ದರೇ? 1928ರಲ್ಲಿ ಇಂದೋರ್ ಸೀಮೆಯ ಬಲಾಯಿಗಳಿಗೆ ಹಳ್ಳಿಯ ಸವರ್ಣೀಯರು ಹಾಕಿದ ಕಟ್ಟಳೆಗಳಲ್ಲಿ ಹೆಂಗಸರು ಚಿನ್ನ ಬೆಳ್ಳಿ ಹಾಕಬಾರದು ಎಂಬುದೂ ಒಂದು. ಬಾಬಾಸಾಹೇಬರು ಇದನ್ನು 1936ರ ‘ಜಾತಿ ವಿನಾಶ’ದಲ್ಲಿ ದಾಖಲಿಸಿದ್ದಾರೆ. 1930ರ ಡಿಸೆಂಬರ್‌ನಲ್ಲಿ ರಾಮನಾಥಪುರದ ಕಳ್ಳರು ಆದಿದ್ರಾವಿಡರ ಮೇಲೆ ಎಂಟು ನಿಷೇಧ ಹೇರಿದರು. ಅದರಲ್ಲೂ ಚಿನ್ನ ಬೆಳ್ಳಿಯ ಒಡವೆ ಬಂತು. ಮಲಯಾಳ, ಮಾಳವ, ತಮಿಳು ನಾಡು. ಭಾಷೆ ಬೇರೆ, ಕಟ್ಟಳೆ ಒಂದೇ.

ಆ ಕಾಲ ಮುಗಿಯಿತು ಎನ್ನುವವರಿಗೆ ಇನ್ನೊಂದು ವರ್ಷ ಹೇಳುತ್ತೇವೆ. ಕೊಲ್ಲಂ ಸಭೆಯಾಗಿ ಸರಿಯಾಗಿ ನೂರು ವರ್ಷಕ್ಕೆ, 2015ರಲ್ಲಿ, ದೌರ್ಜನ್ಯ ತಡೆ ಕಾಯ್ದೆಗೆ ತಿದ್ದುಪಡಿ ಆಯಿತು. ದಲಿತರು ಚಪ್ಪಲಿ ಹಾಕುವುದನ್ನು, ಹೊಸ ಬಟ್ಟೆ ತೊಡುವುದನ್ನು, ಮದುವೆಯಲ್ಲಿ ಕುದುರೆ ಏರುವುದನ್ನು ತಡೆದರೆ ಅಪರಾಧ ಎಂದು ಅದರಲ್ಲಿ ಬರೆಯಬೇಕಾಯಿತು. ತಡೆಯುವವರು ಇರದಿದ್ದರೆ ಕಾನೂನಿಗೆ ಆ ಸಾಲು ಯಾಕೆ ಬೇಕಿತ್ತು?

ಇನ್ನು ನಮ್ಮ ಜಗುಲಿಗೆ ವಾಪಸು ಬರೋಣ. ಇವತ್ತು ಪೇಟೆಯಲ್ಲಿ ಕಪ್ಪು ಲೋಹದ ಓಲೆಗೆ ಬಹಳ ಗಿರಾಕಿ. ‘ಬುಡಕಟ್ಟು ಡಿಸೈನು’ ಎಂದು ಚೀಟಿ ಅಂಟಿಸಿದರೆ ಬೆಲೆ ಇನ್ನೂ ಹೆಚ್ಚು. ನಮ್ಮವರ ಕಿವಿಗೆ ಹೇರಿದ್ದ ಕಪ್ಪು ಈಗ ಗಾಜಿನ ಪೆಟ್ಟಿಗೆಯಲ್ಲಿ ಕೂತಿದೆ. ಅದನ್ನು ಆಸೆಪಟ್ಟು ಹಾಕಿಕೊಳ್ಳುವ ಹುಡುಗಿಯ ಮೇಲೆ ನಮಗೆ ಕೋಪವಿಲ್ಲ. ಅವಳು ಆರಿಸಿಕೊಂಡು ಹಾಕುತ್ತಾಳೆ, ಬೇಡವಾದಾಗ ತೆಗೆದಿಡುತ್ತಾಳೆ. ಪೆರಿನಾಡಿನ ಹೆಂಗಸರು ಬೆಂಕಿ ಕಂಡದ್ದು ಈ ಬೇಕು ಬೇಡದ ಹಕ್ಕಿಗಾಗಿಯೇ. ಮೂಗುತಿ ಹಾಕಿದ್ದೂ ಕಲ್ಲುಮಾಲೆ ಕಿತ್ತದ್ದೂ ಮೇಲೆ ನೋಡಿದರೆ ತದ್ವಿರುದ್ಧ, ಒಳಗೆ ಒಂದೇ ಹೋರಾಟ.

ಜಗುಲಿಯ ಹುಡುಗಿಯರಿಗೆ ಈಗಿನ ಜಗಳ ಬೇರೆ. ಒಬ್ಬ ವ್ಯಾಪಾರಿ ಜೊತೆಗೆ ಇಪ್ಪತ್ತು ರೂಪಾಯಿ ಕೊಟ್ಟು ಒಯ್ದು ನೂರೈವತ್ತಕ್ಕೆ ಮಾರುತ್ತಿದ್ದ. ಗೊತ್ತಾದ ಮೇಲೆ ಅವರು ಕೊಡುವುದು ನಿಲ್ಲಿಸಿದರು. ಈಗ ತಾವೇ ಸಂತೆಯಲ್ಲಿ, ಕಾಲೇಜಿನ ಗೇಟಿನ ಮುಂದೆ ಹಾಸಿಕೊಂಡು ಕೂರುತ್ತಾರೆ. ಅವರು ಲೆಕ್ಕ ಹಾಕುವುದನ್ನು ನೋಡಬೇಕು. ಭಾರದ ಮಣಿ ಕೆಳಗೆ, ಹಗುರದ್ದು ಮೇಲೆ. ಕಿವಿ ಜಗ್ಗಬಾರದು. ಕೊಕ್ಕೆಯ ತುದಿ ಉಜ್ಜಿ ನುಣುಪು ಮಾಡಬೇಕು, ಕೀವು ಆಗಬಾರದು. ಎರಡು ಕಿವಿಗೂ ತೂಕ ಸಮ. ಬಿಲ್ಲೆಗಳನ್ನು ಅವರೇ ಮಣ್ಣಿನಲ್ಲಿ ತಿದ್ದಿ ಸುಡುತ್ತಾರೆ: ತಮಟೆ, ಮೀನು, ಬೇವಿನೆಲೆ, ಒಂದೊಂದು ಅಕ್ಷರ.

ಮೊನ್ನೆ ತಂಗಿ ಹೊಸ ಜೊತೆಯೊಂದನ್ನು ಮಾಡಿದಳು. ಬಿದಿರನ್ನು ಬೆರಳಗಲ ಸಣ್ಣ ಕಡ್ಡಿಯಾಗಿ ಸೀಳಿ, ತಂತಿ ಸುತ್ತಿ, ಕೆಳಗೆ ಒಂದೇ ಒಂದು ನೀಲಿ ಮಣಿ ಇಳಿಬಿಟ್ಟಿದ್ದಳು. ‘ಎಷ್ಟಕ್ಕೆ ಮಾರ್ತೀಯವ್ವ?’ ಅಂದೆವು. ‘ಇದು ಮಾರಾಕಲ್ಲ ಕಣಣ್ಣ, ಅಜ್ಜೀದು’ ಅಂದಳು. ನಕ್ಕ ಗೆಳೆಯನೂ ಅಲ್ಲೇ ಕೂತಿದ್ದ. ಈ ಸಲ ನಗಲಿಲ್ಲ.

ಮೇಷ್ಟರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮ ಕೇರಿಯಲ್ಲೂ ಕಿವಿಯಲ್ಲಿ ಕಡ್ಡಿ ಇಟ್ಟುಕೊಂಡ ಅಜ್ಜಿಯರು ಇದ್ದಾರೆ. ಓಲೆ ಯಾರ ಮನೆಗೆ ಗಿರವಿ ಹೋಯಿತು, ಯಾವ ಬೀದಿಯಲ್ಲಿ ಏನು ಹಾಕಿ ನಡೆಯಬಾರದಿತ್ತು ಎಂದು ಕೂತು ಕೇಳಿ. ಕೇಳಿದ್ದನ್ನು ಬರೆದಿಡಿ. ಆ ಓಲೆ ನಮಗೆ ಸಿಗಲಿಲ್ಲ. ಈ ಓಲೆಯನ್ನಾದರೂ ನಾವೇ ಬರೆಯೋಣ.