ಬಾಣಂತಿ ಖೋಲಿಯ ಶೆಗಡಿ

ಈ ಸಲ ಮಗಳ ಬಾಣಂತನ ನಮ್ಮ ಹುಡಗಿ ಮನ್ಯಾಗೇ ಆಯ್ತು. ಹೊರಸಿನ ಕೆಳಗ ಬಗ್ಗಿ ನೋಡಿದ ನಾದನಿ, "ಏನ್ ವೈನಿ, ಬೆಂಕಿ ಇಲ್ಲದ ಇದೆಂಥ ಬಾಣಂತನ?" ಅಂದ್ಳು. ಮಂದಿ ಮುಂದ ಅಕಿಗಿ ಏನೂ ಹೇಳ್ಲಿಲ್ಲ. ಅದಕ್ಕ ಇಲ್ಲಿ ಬರೀಲಾಕ ಕುಂತೀನಿ.

ನಮ್ಮ ಕಡಿ ಥಂಡಿ ನಿಮಗ ಗೊತ್ತೇ ಅದ. ಬೀದರ ಊರೇ ಸುಮಾರು 2,200 ಅಡಿ ಎತ್ತರದಾಗ ಅದ. ಡಿಸೆಂಬರ್ ನಸುಕಿನಾಗ ಹೊರಗ ಕಾಲಿಟ್ರ ಹಲ್ಲು ಕಟಕಟ ಅಂತಾವ. ಅರಸರಿಗಿ ಬೀದರ ಕೋಟ್ಯಾಗ ಶಾಹಿ ಹಮಾಮ್ ಇತ್ತು. ಈಗ ಅದ್ರಾಗೇ ಮ್ಯೂಸಿಯಂ ಅದ. ನಮ್ಮಂಥವರ ಮನ್ಯಾಗ ಬೆಚ್ಚಗಿನ ಖೋಲಿ ಅಂದ್ರ ಬಾಣಂತಿ ಖೋಲಿ ಒಂದೇ.

ಅಜ್ಜಿ ಕಾಲದಾಗ, ನಮ್ಮ ಕಡಿ ಇನ್ನಾ ನಿಜಾಮನ ರಾಜ್ಯ ಇದ್ದಾಗ, ಒಡೆದ ಗಡಿಗ್ಯಾಗ ಕುಳ್ಳಿನ ಕೆಂಡ ತುಂಬಿ ನುಲಿ ಹೊರಸಿನ ಕೆಳಗ ಸರಸ್ತಿದ್ರಂತ. ಅವ್ವನ ಕಾಲಕ್ಕ ಕಬ್ಬಿಣದ ಶೆಗಡಿ ಬಂತು, ಇದ್ದಲಿ ಬಂತು. ಶೆಗಡಿಗೂ ಆರೈಕಿ ಬೇಕ್ರಿ. ಒಳಗ ಮೆತ್ತಿದ ಮಣ್ಣು ಕಾವಿಗಿ ಬಿರೀತದ. ದಿನಾ ಬೂದಿ ಝಾಡಿಸಿ, ಜೇಡಿಮಣ್ಣಿಗಿ ಹೊಟ್ಟು ಕಲಸಿ ಬಿರುಕು ಮುಚ್ಚಿ ನೆರಳಾಗ ಒಣಗಿಸಬೇಕು. ಜಾಳಗಿ ಸುಟ್ಟು ಬಾಗಿದ್ರ ಕಂಬಾರನ ಕಡಿ ಹೊಸಾದು ಹಾಕಿಸ್ತಿದ್ಳು ಅವ್ವ. ಬೆಳ್ಳುಳ್ಳಿ ಸಿಪ್ಪಿ, ಅಜವಾನ, ಲೋಬಾನ ಎಲ್ಲಾ ಅದ್ರ ಮ್ಯಾಲೇ.

ನನ್ನ ಮಗಳು ಹುಟ್ಟಿದ್ದು 1993ರ ಡಿಸೆಂಬರದಾಗ, ಬಸವಕಲ್ಯಾಣದ ತವರಮನ್ಯಾಗ. ಸೆಪ್ಟೆಂಬರ್ 30ರ ನಸುಕಿನಾಗ ಕಿಲ್ಲಾರಿ ಭೂಕಂಪ ಆಗಿ ಎರಡು ತಿಂಗಳ ಮ್ಯಾಲಾಗಿತ್ತು, ಆದ್ರ ಅಂಜಿಕಿ ಹೋಗಿರಲಿಲ್ಲ. ಮತ್ತ ನೆಲ ನಡುಗಿದ್ರ ಕೂಸಿನ ಎತಗೊಂಡು ಓಡಬೇಕಂತ ಅವ್ವ ಖೋಲಿ ಬಾಗಿಲಾ ಅರ್ಧ ತೆರದೇ ಇಡ್ತಿದ್ಳು. ಒಂದಿನ ರಾತ್ರಿ ಗಾಳಿ ಭಾಳ ಬಿಟ್ಟಿತ್ತು. ಚಿಗವ್ವ ನಮ್ಮ ಮ್ಯಾಲಿನ ಕಕ್ಕುಲಾತಿಗೇ ಬಾಗಿಲಾ, ಕಿಡಕಿ ಎಲ್ಲಾ ಹಾಕಿ, ಸಂದಿಗಿ ಅರಿವಿ ತುರುಕಿ ಮಕ್ಕೊಂಡ್ಳು. ನಡುರಾತ್ರಿ ನನಗ ಎಚ್ಚರಾದಾಗ ತಲಿ ಕಲ್ಲಿನಂಗ ಭಾರ, ಕೈ ಎತ್ತಲಾಕ ಆಗವಲ್ದು. ಕೂಸಿನ ಮುಟ್ಟಿದ್ರ ಅಳವಲ್ದು, ಬಟ್ಟಿಯಂಗ ಜೋತಾಡ್ತು. ನೀರಿಗಂತ ಎದ್ದ ಅವ್ವ ಬಂದು ಬಾಗಿಲಾ ತೆರದು ಇಬ್ಬರ್ನೂ ಅಂಗಳಕ್ಕ ಎಳಕೊಂಡು ಹೋದ್ಳು. ಸ್ವಲ್ಪ ಹೊತ್ತಿಗಿ ಕೂಸು ಅತ್ತಿತು. ಆ ಅಳು ಇನ್ನಾ ಕಿವ್ಯಾಗ ಅದ.

ಮರುದಿನ ಎಲ್ಲಾರೂ ದೃಷ್ಟಿ ಅಂದ್ರು, ಸೋಂಕು ಅಂದ್ರು, ಉಪ್ಪು ಮೆಣಸಿನಕಾಯಿ ಇಳಿ ತೆಗೆದ್ರು, ಅವನ್ನೂ ಅದೇ ಶೆಗಡಿಗೇ ಒಗದ್ರು! ಎಷ್ಟೋ ವರ್ಷಕ್ಕ ಒಬ್ಬ ನರ್ಸಬಾಯಿ ತಿಳಿಸಿ ಹೇಳಿದ್ರು. ಇದ್ದಲಿ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಅಂಬೋ ಗಾಳಿ ಬರ್ತದ. ಅದಕ್ಕ ಬಣ್ಣಿಲ್ಲ, ವಾಸನಿ ಇಲ್ಲ. ರಕ್ತದಾಗ ಆಕ್ಸಿಜನ್ ಇರೋ ಜಾಗಾ ಅದೇ ಹಿಡೀತದ, ನಿದ್ದ್ಯಾಗೇ ಜೀವಾ ಹೋಗ್ತದ. ಹೊಗಿ ಇಲ್ಲಂದ್ರ ಚಲೋ ಇದ್ದಲಿ ಅಂತಿದ್ವಿ ನಾವು. ಹೊಗಿ ಇದ್ರ ಕೆಮ್ಮರೇ ಬರ್ತಿತ್ತು, ಎಚ್ಚರರೇ ಆಗ್ತಿತ್ತು.

ಮಗನ ಹೊತ್ತಿಗಿ ಸುರುಳಿ ತಂತಿ ಕೆಂಪಗಾಗೋ ಕರೆಂಟ್ ಹೀಟರ್ ತಂದಿದ್ವಿ. ತಂತಿ ತುಂಡಾದ್ರ ನಮ್ಮ ಮನಿಯವರು ಎರಡೂ ತುದಿ ತಿರುವಿ ಜೋಡಸ್ತಿದ್ರು. ಅಂಥಾದು ಮಾಡಬ್ಯಾಡ್ರಿ.

ಈಗ ಅಳಿಯ ಎಣ್ಣಿ ತುಂಬಿದ ಹೀಟರ್ ತಂದಾನ. ರೇಡಿಯೇಟರ್ ಅಂತಾರ. 1850ರ ದಶಕದಾಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಾಗ ಸ್ಯಾನ್ ಗಲ್ಲಿ ಅಂಬೋರು ಮನಿ ಕಾಸೋ ರೇಡಿಯೇಟರ್ ಮಾಡಿದ್ರಂತ. ಅದ್ರೊಳಗ ಕಾದ ನೀರು ಇಲ್ಲಾ ಹಬಿ ಹರೀತಿತ್ತು, ನಮ್ಮದ್ರಾಗ ಎಣ್ಣಿ. ಎಣ್ಣಿ ಉರಿಯಂಗಿಲ್ಲ, ಬರೇ ಕಾಯ್ತದ. ಮತ್ತ ಮತ್ತ ತುಂಬೋದೂ ಬ್ಯಾಡ. ಆರಿದಾಗ ಪಟ್ಟಿ ನಡುವಿನ ಧೂಳು ಒರಸಬೇಕು. ಮ್ಯಾಲ ಕೂಸಿನ ಅರಿವಿ ಒಣಹಾಕಬಾರ್ದು. 2,000 ವ್ಯಾಟಿನದು ಇದ್ರ ಸುಮಾರು 9 ಆಂಪಿಯರ್ ಎಳೀತದ. ಅದಕ್ಕ ಗ್ವಾಡಿಗಿನ ದೊಡ್ಡ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ವಾಯರ್ ನಡೆಯಂಗಿಲ್ಲ. ಎಣ್ಣಿ ಜಿನುಗಿದ್ರ ರಿಪೇರಿ ಅಂತ ಕೂಡಬ್ಯಾಡ್ರಿ, ಬದಲೇ ಮಾಡ್ರಿ. ಕರೆಂಟ್ ಹೋದಾಗ? ಹೋಗ್ತದ ಬಿಡ್ರಿ, ನಮ್ಮೂರು. ಆಗ ತಾಯಿ ಎದಿಗಿ ಕೂಸಿನ ಅಪ್ಪಿ ದುಪಟಿ ಹೊಚ್ಚಿಕೊಂಡ್ರ ಅಷ್ಟೇ ಬೆಚ್ಚಗ.

ಅವ್ವನ ಶೆಗಡಿ ನಾ ಗುಜರಿಗಿ ಹಾಕಿಲ್ಲ. ದೀಪಾವಳಿಗಿ ಮಣ್ಣು ಮೆತ್ತೀನಿ, ಅಂಗಳದಾಗ ಅದ. ಮುಂಜಾನಿ ಅಲ್ಲೇ ಕೂಸಿನ ಅರಿವಿ ಕಾಸಿ ಒಳಗ ತರ್ತೀನಿ. ನಾದನಿ ಬಂದ್ರ ಅಕಿನೂ ಅಲ್ಲೇ ಕೈ ಕಾಸ್ಕೋತ ಕೂಡ್ತಾಳ.